ಹೆಸರಿನಲ್ಲಿಲ್ಲದ ಅರ್ಧ

(ದುಬೈನಲ್ಲಿ ನಡೆದ ಕನ್ನಡ ಲೇಖಕರ ಮತ್ತು ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಾಹಿತ್ಯದ ಸಭೆಯಲ್ಲಿ ಹಕ್ಕಿಯ ಮಾತೇಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗಾದರೂ ಬಂದಿರಬಹುದು. ನಾವು ಬರೆಯುವವರು. ಗುರುತಿಸುವುದು, ವರ್ಣಿಸುವುದು, ಹೆಸರಿಡುವುದು ನಮ್ಮ ಕಸುಬು. ಇದೇ ಕಸುಬನ್ನು ಇನ್ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಪಕ್ಷಿವಿಜ್ಞಾನಿಗಳೂ ಮಾಡುತ್ತ ಬಂದಿದ್ದಾರೆ. ಅವರ ಹೆಸರುಗಳ ಒಳಗೆ ಯಾರು ಬಂದರು, ಹೊರಗೆ ಯಾರು ಉಳಿದರು ಎಂಬುದನ್ನು ಒಂದು ಪುಟ್ಟ ಹಕ್ಕಿಯ ಮೂಲಕ ಪರಿಶೀಲಿಸುವುದು ಈ ಮಾತಿನ ಉದ್ದೇಶ.

ಆ ಹಕ್ಕಿಗೆ ಇಂಗ್ಲಿಷಿನಲ್ಲಿ ಪರ್ಪಲ್ ಸನ್‌ಬರ್ಡ್ ಎಂದು ಹೆಸರು. ನಾವು ಅದನ್ನು ನೇರಳೆ ಸೂರಕ್ಕಿ ಎನ್ನೋಣ. ಉದ್ದ ಹತ್ತು ಸೆಂಟಿಮೀಟರಿಗಿಂತ ತುಸು ಕಡಿಮೆ, ತೂಕ ಹತ್ತು ಗ್ರಾಂ ಮೀರದು. ದುಬೈನ ಮುಶ್ರಿಫ್ ಪಾರ್ಕಿನಲ್ಲಿ, ಸಫಾ ಪಾರ್ಕಿನಲ್ಲಿ, ಅಬುಧಾಬಿಯ ಉದ್ಯಾನಗಳಲ್ಲಿ, ನಮ್ಮ ವಸತಿ ಕಟ್ಟಡಗಳ ಕೆಳಗಿನ ದಾಸವಾಳ ಮತ್ತು ಕಾಗದದ ಹೂವಿನ ಬೇಲಿಗಳಲ್ಲಿ ಅದು ದಿನವೂ ಕಾಣಸಿಗುತ್ತದೆ. ಈ ದೇಶದಲ್ಲಿ ನೆಲೆಸಿರುವ ಸೂರಕ್ಕಿ ಇದೊಂದೇ. ಕರ್ನಾಟಕದಲ್ಲಾದರೋ ಈ ಕುಟುಂಬಕ್ಕೆ ಸೇರಿದ ಹಲವು ಪ್ರಭೇದಗಳಿವೆ. ಅವುಗಳಲ್ಲಿ ಒಂದು ಪಶ್ಚಿಮ ಘಟ್ಟದ ಕಾಡನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇಲ್ಲಿನ ಒಂದು ಹಕ್ಕಿಯಿಂದ ಆರಂಭಿಸಿ ಅಲ್ಲಿನ ಆ ಕಾಡಿನ ಹಕ್ಕಿಯವರೆಗೆ ಹೋಗುವುದು ನನ್ನ ದಾರಿ.

ಮೊದಲು ಎರಡು ತಪ್ಪು ತಿಳಿವಳಿಕೆಗಳನ್ನು ದಾಟಬೇಕು. ಮೊದಲನೆಯದು, ಇದನ್ನು ಹಮ್ಮಿಂಗ್‌ಬರ್ಡ್ ಎಂದು ಕರೆಯುವುದು. ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳಿಗೆ ಸೀಮಿತವಾದ ಹಕ್ಕಿಗಳು. ಏಷ್ಯಾದಲ್ಲಿ ಒಂದೂ ಇಲ್ಲ. ಅವು ಬಾನಾಡಿಗಳ ಬಂಧುಗಳೇ ಹೊರತು ಹಾಡುಹಕ್ಕಿಗಳ ಗುಂಪಿಗೆ ಸೇರಿದವಲ್ಲ. ಸೂರಕ್ಕಿಯಾದರೋ ಗುಬ್ಬಚ್ಚಿ, ಮಡಿವಾಳ ಹಕ್ಕಿಗಳಂತೆಯೇ ಹಾಡುಹಕ್ಕಿ. ಎರಡಕ್ಕೂ ಹೂವಿನ ಮಕರಂದವೇ ಆಹಾರವಾದ್ದರಿಂದ ಬಾಗಿದ ತೆಳು ಕೊಕ್ಕು, ಹೀರುವ ನಾಲಗೆ, ಲೋಹದ ಹೊಳಪಿನ ಗರಿಗಳು ಎರಡು ಬೇರೆ ವಂಶಗಳಲ್ಲಿ ಪ್ರತ್ಯೇಕವಾಗಿ ರೂಪುಗೊಂಡವು. ವ್ಯತ್ಯಾಸ ತಿಳಿಯಲು ಕಾಲನ್ನು ನೋಡಿದರೆ ಸಾಕು. ಹಮ್ಮಿಂಗ್‌ಬರ್ಡ್ ಗಾಳಿಯಲ್ಲಿ ನಿಂತು ಹೀರುತ್ತದೆ. ಸೂರಕ್ಕಿ ಕ್ಷಣಕಾಲ ರೆಕ್ಕೆ ಬಡಿದು ನಿಲ್ಲಬಲ್ಲದಾದರೂ ಸಾಮಾನ್ಯವಾಗಿ ತೊಟ್ಟನ್ನು ಹಿಡಿದು ಕುಳಿತೇ ಉಣ್ಣುತ್ತದೆ. ಕೊಕ್ಕು ತಲುಪದಷ್ಟು ಉದ್ದದ ಹೂವಾದರೆ ಬುಡದಲ್ಲಿ ತೂತು ಕೊರೆದು ಮಕರಂದವನ್ನು ಕದಿಯುವುದೂ ಉಂಟು.

ಎರಡನೆಯ ತಪ್ಪು ನಮ್ಮಂಥ ವಲಸಿಗ ಲೇಖಕರಿಗೆ ಪ್ರಿಯವಾದುದು. ನಮ್ಮೂರಿನ ಹಕ್ಕಿ ನಮ್ಮ ಹಾಗೆಯೇ ಸಮುದ್ರ ದಾಟಿ ಇಲ್ಲಿಗೆ ಬಂದಿದೆ ಎಂದು ಅದನ್ನು ರೂಪಕವಾಗಿಸುವ ಆಸೆ ಯಾರಿಗಾದರೂ ಆಗುತ್ತದೆ. ವಾಸ್ತವ ಹಾಗಿಲ್ಲ. ನೇರಳೆ ಸೂರಕ್ಕಿಯ ಸಹಜ ನೆಲೆ ಒಮಾನ್ ಮತ್ತು ಎಮಿರೇಟ್ಸ್‌ನಿಂದ ತೊಡಗಿ ದಕ್ಷಿಣ ಇರಾನ್, ಪಾಕಿಸ್ತಾನ, ಭಾರತಗಳ ಮೂಲಕ ಆಗ್ನೇಯ ಏಷ್ಯಾದವರೆಗೆ ಹಬ್ಬಿದೆ. ಇಲ್ಲಿನವು ಬ್ರೆವಿರಾಸ್ಟ್ರಿಸ್ ಎಂಬ ಪಶ್ಚಿಮದ ಉಪಪ್ರಭೇದಕ್ಕೆ ಸೇರಿದವು. ಆ ಪದದ ಅರ್ಥವೇ ಗಿಡ್ಡ ಕೊಕ್ಕಿನದು ಎಂದು. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಗೂಡು ಕಟ್ಟುವ ಸ್ಥಳೀಯ ಹಕ್ಕಿ ಇದು. ಮುಶ್ರಿಫ್‌ನಲ್ಲಿ ನೆರಳು ಕೊಡುವ ಘಾಫ್ ಮರವೂ ವಿಜಯದಶಮಿಯಲ್ಲಿ ನಾವು ಎಲೆ ಹಂಚಿಕೊಳ್ಳುವ ಬನ್ನಿ ಮರವೂ ಸಸ್ಯಶಾಸ್ತ್ರದ ಪ್ರಕಾರ ಒಂದೇ. ಅರೇಬಿಯವನ್ನೂ ಭಾರತವನ್ನೂ ಜೋಡಿಸುವ ಒಣನಾಡಿನ ಜೀವಜಾಲ ಪಾಸ್‌ಪೋರ್ಟಿಗಿಂತ ಬಹಳ ಹಳೆಯದು. ಈಚಿನ ದಶಕಗಳಲ್ಲಿ ಶುದ್ಧೀಕರಿಸಿದ ಕೊಳಚೆ ನೀರಿನಿಂದ ಬೆಳೆಸಿದ ನಗರದ ತೋಟಗಳು ಅದಕ್ಕೆ ವರ್ಷವಿಡೀ ಹೂಗಳನ್ನು ಒದಗಿಸಿವೆ, ಅಷ್ಟೆ. ಕಾಗೆ ಮತ್ತು ಗೊರವಂಕಗಳು ಮನುಷ್ಯರ ಮೂಲಕ ಇಲ್ಲಿಗೆ ಬಂದವು. ಅವುಗಳ ಕತೆ ಬೇರೆ.

ಇನ್ನು ಗುರುತಿಸುವ ಕೆಲಸ. ಸಂತಾನ ಕಾಲದ ಗಂಡನ್ನು ಗುರುತಿಸಲು ಶ್ರಮವೇ ಬೇಡ. ನೆರಳಿನಲ್ಲಿ ಅದು ಬರಿಯ ಕಪ್ಪು. ಬಿಸಿಲು ಬಿದ್ದಾಗ ತಲೆ, ಬೆನ್ನು, ಎದೆಗಳಲ್ಲಿ ನೀಲಿ ಮತ್ತು ನೇರಳೆ ಹೊಳಪು ಓಡಾಡುತ್ತದೆ. ಈ ಹೊಳಪಿಗೆ ಕಾರಣ ಗರಿಯ ಸೂಕ್ಷ್ಮ ರಚನೆ ಬೆಳಕನ್ನು ಪ್ರತಿಫಲಿಸುವ ರೀತಿ. ಆದ್ದರಿಂದಲೇ ನೋಡುವ ಕೋನ ಬದಲಾದಾಗ ಬಣ್ಣವೂ ಬದಲಾಗುತ್ತದೆ. ತಂತಿಯ ಮೇಲೆ, ಒಣ ರೆಂಬೆಯ ತುದಿಯಲ್ಲಿ ಕುಳಿತು ಚೀವಿಟ್ ಚೀವಿಟ್ ಎಂದು ಅವಸರದಿಂದ ಹಾಡುತ್ತದೆ. ಪ್ರಣಯ ಪ್ರದರ್ಶನದಲ್ಲಿ ರೆಕ್ಕೆಯ ಬುಡದ ಹಳದಿ ಕುಚ್ಚುಗಳನ್ನು ಬಿಚ್ಚಿ ತೋರಿಸುತ್ತದೆ. ಪುಸ್ತಕಗಳ ಮುಖಪುಟದಲ್ಲಿ, ಛಾಯಾಚಿತ್ರ ಸ್ಪರ್ಧೆಗಳಲ್ಲಿ ಕಾಣುವುದು ಇದೇ.

ಸಂತಾನ ಕಾಲ ಮುಗಿದ ಮೇಲೆ, ಭಾರತದಲ್ಲಿ ಸುಮಾರಾಗಿ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ, ಈ ಗಂಡು ತನ್ನ ಹೊಳಪಿನ ಗರಿಗಳನ್ನು ಉದುರಿಸುತ್ತದೆ. ಬೆನ್ನು ಮಾಸಲು ಕಂದು, ಹೊಟ್ಟೆ ತೆಳು ಹಳದಿ. ಗಂಟಲಿನಿಂದ ಹೊಟ್ಟೆಯ ನಡುವಿನವರೆಗೆ ಇಳಿಯುವ ಅಗಲವಾದ ಕಪ್ಪು ಪಟ್ಟೆ ಮತ್ತು ಭುಜದ ಬಳಿಯ ಒಂದಿಷ್ಟು ನೀಲಿ ಮಾತ್ರ ಅದರ ಗಂಡುತನದ ಕುರುಹುಗಳಾಗಿ ಉಳಿಯುತ್ತವೆ. ಎಳೆಯ ಗಂಡುಗಳಲ್ಲೂ ಇಂಥ ಪಟ್ಟೆ ಮೂಡುತ್ತದೆ. ಇದನ್ನು ಅರಿಯದವರು ಹೊಸ ಹಕ್ಕಿಯೊಂದು ಬಂದಿದೆ ಎಂದು ಸಂಭ್ರಮಿಸುವುದುಂಟು. ವರ್ಷದ ಮೂರನೆಯ ಒಂದು ಭಾಗ ನೇರಳೆ ಸೂರಕ್ಕಿಯ ಗಂಡಿಗೂ ಅದರ ಹೆಸರು ಹೊಂದುವುದಿಲ್ಲ.

ಹೆಣ್ಣಿಗೆ ಅದು ವರ್ಷವಿಡೀ ಹೊಂದುವುದಿಲ್ಲ. ಅವಳ ಮೈಮೇಲೆ ನೇರಳೆಯ ಒಂದು ಗರಿಯೂ ಇಲ್ಲ. ಬೆನ್ನು ಆಲಿವ್ ಛಾಯೆಯ ಕಂದು, ತಳಭಾಗ ಹಳದಿ, ಕಣ್ಣಿನ ಮೇಲೆ ಮಸುಕಾದ ತಿಳಿ ಹುಬ್ಬು, ಕಣ್ಣಿನ ಮೂಲಕ ಹಾದುಹೋಗುವ ಒಂದು ಗಾಢ ರೇಖೆ. ಪೊದೆಯಲ್ಲಿ ಅವಳನ್ನು ಕಂಡವರು ಯಾವುದೋ ಸಣ್ಣ ಕಂದು ಹಕ್ಕಿ ಎಂದು ದಾಟಿಹೋಗುತ್ತಾರೆ. ಚಳಿಗಾಲದಲ್ಲಿ ಇಲ್ಲಿಗೆ ಬರುವ ಎಲೆಯುಲಿಗಗಳೊಂದಿಗೆ, ವರ್ಷವಿಡೀ ಇರುವ ಟುವ್ವಿಯಂಥ ಪ್ರಿನಿಯಾಗಳೊಂದಿಗೆ ಅವಳನ್ನು ಸೇರಿಸಿಬಿಡುತ್ತಾರೆ. ಆದರೆ ಕೊಕ್ಕು ಸುಳ್ಳು ಹೇಳುವುದಿಲ್ಲ. ಎಲೆಯುಲಿಗದ ಕೊಕ್ಕು ನೇರ, ಗಿಡ್ಡ; ಸೂರಕ್ಕಿಯದು ಉದ್ದ, ಬಾಗಿದ್ದು. ಪ್ರಿನಿಯಾದ ಬಾಲ ಉದ್ದ, ಮೇಲೆತ್ತಿದ್ದು, ಸೂರಕ್ಕಿಯದು ಮೊಟಕು.

ಬಣ್ಣವನ್ನು ಬದಿಗಿಟ್ಟು ಆಕಾರ, ನಡೆ, ಕೆಲಸಗಳನ್ನು ನೋಡತೊಡಗಿದಾಗಲೇ ಗುರುತಿಸುವಿಕೆ ಅರಿವಾಗಿ ಬೆಳೆಯುತ್ತದೆ. ಹೆಣ್ಣಿನ ಕೆಲಸವನ್ನೇ ನೋಡಿ. ಗೂಡು ಕಟ್ಟುವವಳು ಅವಳು. ಜೇಡರ ಬಲೆಯ ಎಳೆಗಳನ್ನು ತಂದು ರೆಂಬೆಯ ತುದಿಗೆ ಸುತ್ತಿ, ಅದಕ್ಕೆ ನಾರು, ಒಣ ಎಲೆಯ ಚೂರು, ತೊಗಟೆಯ ತುಣುಕುಗಳನ್ನು ಅಂಟಿಸುತ್ತ ಜೋತಾಡುವ ಒಂದು ಚೀಲವನ್ನು ಹೆಣೆಯುತ್ತಾಳೆ. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೆ ಮುಂಚಾಚಿದ ಸೂರು. ಜೇಡರ ನೂಲು ಹಿಗ್ಗಬಲ್ಲದಾದ್ದರಿಂದ ಮರಿಗಳು ಬೆಳೆದಂತೆ ಗೂಡೂ ಅಷ್ಟಿಷ್ಟು ಅವಕಾಶ ಕೊಡುತ್ತದೆ. ಹೊರಗಿನಿಂದ ನೋಡಿದರೆ ಬಲೆಗೆ ಸಿಕ್ಕು ತೂಗಾಡುವ ಕಸ. ಆ ಕಸದ ವೇಷವೇ ಅದರ ರಕ್ಷಣೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಕಾವು ಕೊಡುವವಳು ಹೆಣ್ಣು ಮಾತ್ರ, ಹದಿನೈದರಿಂದ ಹದಿನೇಳು ದಿನ. ಮರಿಗಳಿಗೆ ಉಣಿಸಲು ಗಂಡೂ ನೆರವಾಗುತ್ತದೆ. ಆ ಉಣಿಸು ಮಕರಂದವಲ್ಲ. ಮರಿಗಳು ಬೆಳೆಯಲು ಕೀಟಗಳೂ ಜೇಡಗಳೂ ಬೇಕು. ಒಂದು ಜೇಡ ಸಹ ಉಳಿಯದಂತೆ ಔಷಧ ಸಿಂಪಡಿಸಿದ ತೋಟದಲ್ಲಿ ಹೂಗಳೆಷ್ಟೇ ಇದ್ದರೂ ಸೂರಕ್ಕಿಯ ಸಂಸಾರಕ್ಕೆ ಹಗ್ಗವೂ ಇಲ್ಲ, ಅನ್ನವೂ ಇಲ್ಲ.

ಸೂರಕ್ಕಿ ಇಲ್ಲಿ ಒಂದೇ ಪ್ರಭೇದವಾಗಿರುವುದು ಕಲಿಯುವವರಿಗೆ ದೊಡ್ಡ ಅನುಕೂಲ. ಒಂದೇ ಪ್ರಭೇದದೊಳಗೆ ಗಂಡು, ಹೆಣ್ಣು, ಎಳೆಯದು, ಗರಿ ಬದಲಿಸಿದ್ದು ಎಂಬ ವೈವಿಧ್ಯವನ್ನು ಗೊಂದಲವಿಲ್ಲದೆ ಅಭ್ಯಾಸ ಮಾಡಬಹುದು. ಆ ಅಭ್ಯಾಸ ಪರೀಕ್ಷೆಗೊಳಗಾಗುವುದು ರಜೆಯಲ್ಲಿ ನಾವು ಊರಿಗೆ ಹೋದಾಗ.

ಮಲೆನಾಡು, ಕೊಡಗು, ಘಟ್ಟದ ಬುಡದ ಕರಾವಳಿ ಮತ್ತು ಕಾಸರಗೋಡಿನ ಪೂರ್ವದ ಬೆಟ್ಟಗಳ ಮನೆಯಂಗಳದಲ್ಲಿ ಸಾಮಾನ್ಯವಾಗಿ ಕಾಣುವುದು ಬೆನ್ನಿನ ಬುಡದಲ್ಲಿ ನೇರಳೆ ಹೊಳಪಿರುವ, ಹೊಟ್ಟೆ ಹಳದಿಯಾಗಿರುವ ಇನ್ನೊಂದು ಸೂರಕ್ಕಿ. 1766ರಲ್ಲಿ ಲಿನೇಯಸ್ ಹೆಸರಿಟ್ಟ ಇದು ದಕ್ಷಿಣ ಭಾರತದ ಬಯಲಿನ ಬಹುಭಾಗದಲ್ಲೂ ಶ್ರೀಲಂಕೆಯಲ್ಲೂ ಇದೆ. ಅಂಗಳ ದಾಟಿ ಕಾಡಿನ ಅಂಚಿಗೆ, ಮರದ ನೆರಳಿರುವ ಏಲಕ್ಕಿ ಕಾಫಿ ತೋಟಗಳಿಗೆ ಬಂದರೆ ಅದಕ್ಕಿಂತಲೂ ಚಿಕ್ಕದಾದ, ಕೇವಲ ಎಂಟು ಸೆಂಟಿಮೀಟರ್ ಉದ್ದದ ಒಂದು ಹಕ್ಕಿ ಎದುರಾಗುತ್ತದೆ. ಇಂಗ್ಲಿಷಿನಲ್ಲಿ ಕ್ರಿಮ್ಸನ್ ಬ್ಯಾಕ್ಡ್ ಸನ್‌ಬರ್ಡ್. ಕೆಂಬೆನ್ನಿನ ಸೂರಕ್ಕಿ ಎಂದರೆ ಅರ್ಥವಾಗುತ್ತದೆ. ಇದು ಪಶ್ಚಿಮ ಘಟ್ಟದ ಸ್ವಂತ ಹಕ್ಕಿ. 1832ರಲ್ಲಿ ಇದನ್ನು ವೈಜ್ಞಾನಿಕವಾಗಿ ವರ್ಣಿಸಿದವನು ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್. ಅತ್ಯಂತ ಚಿಕ್ಕದು ಎಂಬರ್ಥದ ಮಿನಿಮಾ ಎಂಬ ಹೆಸರು ಅವನು ಕೊಟ್ಟದ್ದು.

ಗಂಡಿನ ಬೆನ್ನು ಗಾಢ ಕೆಂಪು, ನೆತ್ತಿ ಹಸಿರು ಹೊಳಪು. ಆದರೂ ಮರದ ತುದಿಯಲ್ಲಿ ಕ್ಷಣಮಾತ್ರ ಕಾಣುವ ಹಕ್ಕಿಯಲ್ಲಿ ಅಂಗಳದ ಸೂರಕ್ಕಿಯ ಗಂಡಿಗೂ ಇದಕ್ಕೂ ಇರುವ ವ್ಯತ್ಯಾಸ ತಟ್ಟನೆ ಗೊತ್ತಾಗದು. ಅದರದೂ ಕೆಂಗಂದು ಬೆನ್ನು, ಹಳದಿ ಹೊಟ್ಟೆ. ಇಲ್ಲಿ ನಮಗೆ ನೆರವಾಗುವವಳು ಹೆಣ್ಣು. ಅಂಗಳದ ಸೂರಕ್ಕಿಯ ಹೆಣ್ಣಿಗೆ ಗಂಟಲು ಬೂದು ಬಿಳಿ, ಎದೆ ಹಳದಿ, ಮೈಯಲ್ಲಿ ಕೆಂಪಿಲ್ಲ. ಕೆಂಬೆನ್ನಿನ ಸೂರಕ್ಕಿಯ ಹೆಣ್ಣಿಗೆ ಮಾಸಲು ಮೈಯ ನಡುವೆ ಬೆನ್ನಿನ ಬುಡದಲ್ಲಿ ಮಾತ್ರ ಸ್ಪಷ್ಟವಾದ ಕೆಂಪು. ಅವಳು ಹೂವಿನಿಂದ ಹೂವಿಗೆ ತಿರುಗಿದಾಗ ಆ ಕೆಂಪು ಮಿಂಚಿ ಮರೆಯಾಗುತ್ತದೆ. ಎರಡು ಪ್ರಭೇದಗಳನ್ನು ಸಂಶಯವಿಲ್ಲದೆ ಬೇರ್ಪಡಿಸುವ ಗುರುತು ಯಾರೂ ನೋಡದೆ ದಾಟಿಹೋಗುವ ಹೆಣ್ಣಿನ ಮೈಮೇಲಿದೆ.

ಇದು ಕೇವಲ ಹವ್ಯಾಸಿಗಳ ಸೂಕ್ಷ್ಮವೆಂದು ಭಾವಿಸಬೇಡಿ. ಘಟ್ಟದಲ್ಲಿ ರಸ್ತೆ, ವಿದ್ಯುತ್ ಮಾರ್ಗ, ಅಣೆಕಟ್ಟಿನ ಯೋಜನೆ ಬಂದಾಗ ಪರಿಸರ ಪರಿಣಾಮದ ವರದಿಯಲ್ಲಿ ಹಕ್ಕಿಗಳ ಪಟ್ಟಿ ಇರುತ್ತದೆ. ಎಲ್ಲೆಡೆ ಇರುವ ಅಂಗಳದ ಹಕ್ಕಿ ಎಂದು ಬರೆದರೆ ಆ ಸಾಲಿಗೆ ಯಾವ ತೂಕವೂ ಇಲ್ಲ. ಇಲ್ಲಿ ಮಾತ್ರ ಇರುವ ಹಕ್ಕಿ ಎಂದು ಬರೆದರೆ ಆ ಕಾಡಿನ ಪರವಾಗಿ ಒಂದು ಸಾಕ್ಷಿ ದೊರೆಯುತ್ತದೆ. ಸಾಕ್ಷಿ ಹೇಳಬಲ್ಲವಳನ್ನು ಗುರುತಿಸದೆ ಬಿಟ್ಟರೆ ನಷ್ಟ ಹಕ್ಕಿಗೂ ಕಾಡಿಗೂ ಆಗುತ್ತದೆ. ಕಾಡಿನ ಮರಗಳ ಮೇಲೆ ಬೆಳೆಯುವ ಬದನಿಕೆಗಳಿಗೂ ಸೂರಕ್ಕಿಗಳಿಗೂ ಗಾಢ ನಂಟಿದೆ. ಅವುಗಳ ಕೊಳವೆಯಾಕಾರದ ಹೂಗಳಿಗೆ ಪರಾಗ ಒಯ್ಯುವವು ಈ ಹಕ್ಕಿಗಳು. ನೀಲಗಿರಿಯಲ್ಲಿ ಬದನಿಕೆ ಮತ್ತು ಹಕ್ಕಿಗಳ ಈ ಕೊಡುಕೊಳೆಯನ್ನು 1980ರ ದಶಕದಲ್ಲಿ ಅಭ್ಯಸಿಸಿದವರು ಪರಿಸರ ವಿಜ್ಞಾನಿ ಪ್ರಿಯಾ ದಾವಿದಾರ್. ಹೂವಿಗೆ ಗಂಡು ಹೆಣ್ಣಿನ ಭೇದವಿಲ್ಲ. ಮಾಸಲು ಹಕ್ಕಿಯ ಹಣೆಗೂ ಅದು ಅಷ್ಟೇ ಪರಾಗ ಸವರುತ್ತದೆ.

ಹಾಗಾದರೆ ಹೆಣ್ಣು ಹೊರಗುಳಿದದ್ದು ಹೇಗೆ? ಇದಕ್ಕೆ ಇತಿಹಾಸವಿದೆ. ಹದಿನೆಂಟನೆಯ ಶತಮಾನದಲ್ಲಿ ಏಷ್ಯಾದ ಹಕ್ಕಿಗಳು ಚರ್ಮ ಸುಲಿದು ಒಣಗಿಸಿದ ಮಾದರಿಗಳಾಗಿ, ಚಿತ್ರಗಳಾಗಿ ಯುರೋಪನ್ನು ತಲುಪಿದವು. 1790ರಲ್ಲಿ ಜಾನ್ ಲೇಥಮ್ ನೇರಳೆ ಸೂರಕ್ಕಿಗೆ ಹೆಸರಿಟ್ಟಾಗ ಅದನ್ನು ಸೇರಿಸಿದ್ದು ಯುರೋಪಿನ ಮರ ಹತ್ತುವ ಹಕ್ಕಿಯೊಂದರ ಸೆರ್ತಿಯಾ ಎಂಬ ಕುಲಕ್ಕೆ. ಬಾಗಿದ ಕೊಕ್ಕೊಂದೇ ಆ ಹೋಲಿಕೆಗೆ ಆಧಾರ. ಹಕ್ಕಿ ಏನನ್ನು ಉಣ್ಣುತ್ತದೆ, ಹೇಗೆ ಗೂಡು ಕಟ್ಟುತ್ತದೆ ಎಂಬುದು ಒಣಗಿದ ಚರ್ಮದಲ್ಲಿ ಬರೆದಿರುವುದಿಲ್ಲ. ಬಂದೂಕು ಹಿಡಿದ ಸಂಗ್ರಾಹಕನ ಕಣ್ಣಿಗೆ ಬೀಳುವುದು ಹೊಳೆಯುವ ಗಂಡು. ಸಂಗ್ರಹಾಲಯ ಬಯಸುವುದೂ ಅದನ್ನೇ.

ಇದು ನನ್ನ ಊಹೆಯಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ನಟಾಲಿ ಕೂಪರ್ ಮತ್ತು ಸಂಗಡಿಗರು ಐದು ದೊಡ್ಡ ಸಂಗ್ರಹಾಲಯಗಳ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಾದರಿಗಳ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಕ್ಕಿಗಳ ಮಾದರಿಗಳಲ್ಲಿ ಹೆಣ್ಣುಗಳು ಶೇಕಡಾ 40. ಒಂದು ಪ್ರಭೇದಕ್ಕೆ ಹೆಸರಿಡುವಾಗ ಆಧಾರವಾಗಿಡುವ ಮೂಲಮಾದರಿಗಳಲ್ಲಿ ಹೆಣ್ಣುಗಳು ಶೇಕಡಾ 27 ಮಾತ್ರ. ನೂರಮೂವತ್ತು ವರ್ಷಗಳಲ್ಲಿ ಒಟ್ಟು ಪ್ರಮಾಣ ಗಮನಾರ್ಹವಾಗಿ ಬದಲಾಗಿಲ್ಲ. ಗಂಡು ಆಕರ್ಷಕವಾಗಿರುವ ಪ್ರಭೇದಗಳಲ್ಲಿ ಹೆಣ್ಣಿನ ಪ್ರಮಾಣ ಇನ್ನೂ ಕುಸಿದಿದೆ.

ಹಾಡಿನ ವಿಷಯದಲ್ಲೂ ಹೀಗೆಯೇ ಆಯಿತು. ಹಕ್ಕಿಗಳಲ್ಲಿ ಹಾಡುವುದು ಗಂಡು, ಹೆಣ್ಣನ್ನು ಒಲಿಸಲು ಹಾಡುತ್ತದೆ ಎಂಬ ವಿವರಣೆಗೆ 1871ರ ಡಾರ್ವಿನ್ನನ ಗ್ರಂಥ ದೊಡ್ಡ ಬಲ ನೀಡಿತು. ಯುರೋಪ್ ಮತ್ತು ಉತ್ತರ ಅಮೆರಿಕದ ತಂಪುನಾಡಿನ ಹಕ್ಕಿಗಳನ್ನು ಕೇಳಿ ರೂಪಿಸಿದ ನಿಯಮ ಜಗತ್ತಿಗೆಲ್ಲ ಅನ್ವಯಿಸಲ್ಪಟ್ಟಿತು. 2014ರಲ್ಲಿ ಕರನ್ ಓಡಮ್ ಮತ್ತು ಸಂಗಡಿಗರು ಹಾಡುಹಕ್ಕಿಗಳ ವಂಶವೃಕ್ಷವನ್ನೇ ಹಿಡಿದು ಪರಿಶೀಲಿಸಿದಾಗ, ಸಮೀಕ್ಷೆಗೊಳಪಟ್ಟ ಪ್ರಭೇದಗಳ ಶೇಕಡಾ 71ರಲ್ಲಿ ಹೆಣ್ಣೂ ಹಾಡುತ್ತದೆ ಎಂದು ತಿಳಿದುಬಂತು. ಹಾಡುಹಕ್ಕಿಗಳ ಮೂಲ ಪೂರ್ವಜರಲ್ಲೇ ಹೆಣ್ಣು ಹಾಡುತ್ತಿತ್ತು, ಆಮೇಲೆ ಕೆಲವು ವಂಶಗಳಲ್ಲಿ ಅವಳು ಹಾಡುವುದನ್ನು ನಿಲ್ಲಿಸಿದಳು ಎಂಬುದು ಅವರ ನಿರ್ಣಯ. ಉಷ್ಣವಲಯದ ಕಾಡಿನಲ್ಲಿ ಹೆಣ್ಣು ಹಾಡುವುದು ಅಪವಾದವೆಂದು ಪುಸ್ತಕಗಳು ಬರೆದಿದ್ದವು. ಆ ಪುಸ್ತಕಗಳನ್ನು ಬರೆದ ನಾಡುಗಳ ಹಕ್ಕಿಗಳೇ ಅಪವಾದಕ್ಕೆ ಹತ್ತಿರವಾಗಿದ್ದವು.

ಒಂದು ಎಚ್ಚರಿಕೆಯ ಮಾತು. ಹಕ್ಕಿಯನ್ನು ನಮ್ಮ ಸ್ತ್ರೀವಾದದ ದೃಷ್ಟಾಂತವಾಗಿಸುವುದು ನನ್ನ ಉದ್ದೇಶವಲ್ಲ. ಗೂಡು ಕಟ್ಟುವ ಸೂರಕ್ಕಿಗೆ ತ್ಯಾಗವೂ ಗೊತ್ತಿಲ್ಲ, ಶೋಷಣೆಯೂ ಗೊತ್ತಿಲ್ಲ. ಅವಳ ಮಾಸಲು ಬಣ್ಣ ಕಾವಿಗೆ ಕುಳಿತವಳನ್ನು ಶತ್ರುವಿನ ಕಣ್ಣಿನಿಂದ ಮರೆಮಾಡುವ ಹೊದಿಕೆ. ಅದರಲ್ಲಿ ಕೊರತೆ ಕಂಡದ್ದು ನೋಡುವವರು. ಪ್ರಕೃತಿಯಲ್ಲಿ ನಮ್ಮ ಸಿದ್ಧಾಂತಗಳಿಗೆ ಸಮರ್ಥನೆ ಹುಡುಕುವ ಚಟ ಸಂಪ್ರದಾಯವಾದಿಗಳಿಗೂ ಇದೆ, ನಮಗೂ ಇದೆ. ಪ್ರಗತಿಪರರಾದ ನಾವು ಪರೀಕ್ಷಿಸಬೇಕಾದದ್ದು ನಮ್ಮ ನೋಟವನ್ನು.

ಆ ನೋಟದಿಂದ ಹೊರಗುಳಿದವರಲ್ಲಿ ಮನುಷ್ಯರೂ ಇದ್ದಾರೆ. ಈ ನಗರಗಳಲ್ಲಿ ಸೂರಕ್ಕಿಯ ಗೂಡನ್ನು ಎಲ್ಲರಿಗಿಂತ ಮೊದಲು ನೋಡುವವರು ಬೇಲಿ ಕತ್ತರಿಸುವ, ಹನಿ ನೀರಾವರಿಯ ಕೊಳವೆ ಸರಿಪಡಿಸುವ ತೋಟದ ಕೆಲಸಗಾರರು. ಬಾಂಗ್ಲಾದೇಶ, ಪಾಕಿಸ್ತಾನ, ನೇಪಾಳ, ಭಾರತಗಳಿಂದ ಬಂದ ಅವರಲ್ಲಿ ಅನೇಕರು ಹೊಲಗದ್ದೆಗಳ ನಡುವೆ ಬೆಳೆದವರು. ಯಾವ ಪೊದೆಯಲ್ಲಿ ಮೊಟ್ಟೆಯಿದೆ, ಯಾವುದರಿಂದ ಮರಿ ಹಾರಿಹೋಯಿತು ಎಂಬುದು ಅವರಿಗೆ ಗೊತ್ತಿರುತ್ತದೆ. ಬೇಲಿಯನ್ನು ಈ ವಾರವೇ ಸಮನಾಗಿ ಕತ್ತರಿಸಬೇಕೆಂಬ ಆದೇಶ ಬಂದಾಗ ಒಂದು ಗೇಣು ಬಿಟ್ಟು ಕತ್ತರಿಸುವ ಅಧಿಕಾರ ಮಾತ್ರ ಅವರಿಗಿಲ್ಲ. ಸೈಕ್ಸ್‌ನ ಕಾಲದಲ್ಲಿ ಕಾಡಿನಲ್ಲಿ ಹಕ್ಕಿಯನ್ನು ತೋರಿಸಿಕೊಟ್ಟವರ ಹೆಸರುಗಳು ಪುಸ್ತಕಕ್ಕೆ ಬರಲಿಲ್ಲ. ನಮ್ಮ ಕಾಲದಲ್ಲೂ ಅದು ಹಾಗೆಯೇ ಮುಂದುವರಿಯಬೇಕೇ?

ಕನ್ನಡಕ್ಕೆ ಈ ವಿಷಯದಲ್ಲಿ ಒಳ್ಳೆಯ ಪರಂಪರೆಯಿದೆ. ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿ ಪುಕ್ಕದಂಥ ಪುಸ್ತಕಗಳ ಮೂಲಕ, ಹಕ್ಕಿಯನ್ನು ಕನ್ನಡದಲ್ಲೇ ಗುರುತಿಸಬಹುದು, ಕನ್ನಡದಲ್ಲೇ ಅದರ ಬಗ್ಗೆ ಯೋಚಿಸಬಹುದು ಎಂದು ತೋರಿಸಿಕೊಟ್ಟರು. ಆ ಕೆಲಸವನ್ನು ಮುಂದುವರಿಸುವಾಗ ನಾವು ಒಂದು ಸಣ್ಣ ಕ್ರಮವನ್ನು ಪಾಲಿಸಬಹುದು. ಹಕ್ಕಿಯ ವರ್ಣನೆ ಬರೆಯುವಾಗ ಹೆಣ್ಣು ಮಾಸಲು ಎಂದು ಕೊನೆಯಲ್ಲಿ ಒಂದು ವಾಕ್ಯ ಸೇರಿಸಿ ಮುಗಿಸದೆ, ಅವಳಿಂದಲೇ ಆರಂಭಿಸೋಣ. ಈಗಿರುವ ಹೆಸರನ್ನು ಬದಲಿಸಬೇಕಾಗಿಲ್ಲ. ಹೆಸರು ಹೇಳದೆ ಬಿಟ್ಟದ್ದನ್ನು ವರ್ಣನೆ ಹೇಳಿದರೆ ಸಾಕು. ದಾಖಲೆಗಳಲ್ಲಿ ಸೂರಕ್ಕಿ ಒಂದು ಎಂದು ಬರೆಯುವ ಬದಲು ಗಂಡೋ, ಹೆಣ್ಣೋ, ಗರಿ ಬದಲಿಸುತ್ತಿರುವುದೋ, ಗೂಡಿತ್ತೋ ಎಂಬುದನ್ನೂ ಬರೆಯೋಣ. ನಮ್ಮ ವಸತಿ ಕಟ್ಟಡಗಳ ನಿರ್ವಾಹಕರಿಗೆ, ಚಳಿಗಾಲದ ಕೊನೆಯಿಂದ ಬೇಸಿಗೆಯ ಆರಂಭದವರೆಗೆ ಹೂಬೇಲಿಗಳನ್ನು ಕತ್ತರಿಸುವ ಮುನ್ನ ತೋಟದ ಕೆಲಸಗಾರರನ್ನು ಕೇಳಿ, ಅವರು ಬೇಡವೆಂದ ಕಡೆ ಮೂರು ನಾಲ್ಕು ವಾರ ತಡೆಯಿರಿ ಎಂದು ಮನವಿ ಮಾಡೋಣ. ಮೊಟ್ಟೆ ಒಡೆದು ಮರಿ ಹಾರಲು ಹೆಚ್ಚುಕಡಿಮೆ ಅಷ್ಟು ಕಾಲ ಸಾಕು.

ಬರುವ ಶರತ್ಕಾಲದಲ್ಲಿ ನಿಮ್ಮ ಕಿಟಕಿಯಾಚೆ ನೇರಳೆ ಹೊಳಪು ಕಾಣದಾದಾಗ ಹಕ್ಕಿ ಹೊರಟುಹೋಯಿತೆಂದು ತಿಳಿಯಬೇಡಿ. ಅದೇ ಬೇಲಿಯಲ್ಲಿ ಗಂಟಲ ಪಟ್ಟೆಯ ಗಂಡೂ, ಹಳದಿ ಎದೆಯ ಹೆಣ್ಣೂ ಕೊಂಬೆ ಹಿಡಿದು ಉಣ್ಣುತ್ತಿರುತ್ತವೆ. ಅವುಗಳ ಕೊಕ್ಕು ನೋಡಿ, ನಡೆ ನೋಡಿ. ಆ ಅಭ್ಯಾಸದೊಂದಿಗೆ ಊರಿನ ಕಾಡಿಗೆ ಹೋದವರಿಗೆ, ಎಂಟು ಸೆಂಟಿಮೀಟರಿನ ಮಾಸಲು ಹಕ್ಕಿಯ ಬೆನ್ನಿನ ಬುಡದ ಕೆಂಪು ಕಾಣದೆ ಇರದು.